ಮಂದಿಯ ಕಾಯಿ

ಬಸ್ಸು ಸಿಂಧನೂರಿನ ಗಂಜ್ ದಾಟಿ ಮಸ್ಕಿ ರಸ್ತೆಗೆ ಹೊರಳಿದಾಗ ಕಾಲ ಬಳಿಯ ಚೀಲದಲ್ಲಿ ಒಂದು ತೆಂಗಿನಕಾಯಿ ಗುಳಕ್ ಎಂದಿತು. ಶಿವರಂಜನಿ ಎರಡೂ ಪಾದ ಹತ್ತಿರ ತಂದು ಚೀಲವನ್ನು ಒತ್ತಿ ಹಿಡಿದಳು. ಸುಮ್ಮನಾಯಿತು. ಮುಂದಿನ ತಗ್ಗಿಗೆ ಮತ್ತೆ ಗುಳಕ್. ಯಾರ ಕಾಯಿ ಅದು? ಅಕ್ಕಿ ಗಿರಣಿಯ ಸೌಕಾರರ ಹೆಂಡತಿ ಅರಿಶಿನ ಬಳಿದು ಕೊಟ್ಟ ದೊಡ್ಡದೊ, ಎದುರುಮನೆಯ ಪಂಪಾವತಕ್ಕ ಮಗಳ ಹೆರಿಗೆ ಸಸಾರವಾಗಲೆಂದು ಬೇಡಿಕೊಂಡು ಕೊಟ್ಟದ್ದೊ, ಇಲ್ಲ ಮೆಹಬೂಬ್‌ಬೀ ಚಾಚಿ ‘ನಂದೂ ಒಂದು ಇರ್ಲಿ ಬೇಟಿ, ಯಾವ ಮನಿ ಕಾಯಿ ಅಂತ ದೇವ್ರು ಕೇಳ್ತಾನೇನು?’ ಎಂದು ನಗುತ್ತ ಚೀಲಕ್ಕೆ ಇಳಿಸಿದ್ದೊ. ಎಲ್ಲವೂ ಕೂಡಲಸಂಗಮದ ದೇವರಿಗೆ ಒಡೆಸಬೇಕಾದ ಕಾಯಿಗಳು. ಆದರೆ ಚೀಲ ಹೊತ್ತ ತಾಯಿ ಮಗಳು ಇವತ್ತು ಹೊರಟದ್ದು ಸಂಗಮಕ್ಕಲ್ಲ. ಆಲಮಟ್ಟಿಯ ಅಣೆಕಟ್ಟಿನ ತೋಟದಲ್ಲಿ ಸಂಜೆ ಬಣ್ಣದ ದೀಪ ಹಚ್ಚಿ, ಹಾಡಿನ ತಾಳಕ್ಕೆ ನೀರು ಕುಣಿಸುತ್ತಾರಲ್ಲ, ಆ ಕಾರಂಜಿ ನೋಡಲು. ಬರೀ ನೋಡಲು.

ಈ ‘ಬರೀ’ ಎಂಬುದನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಎಂದು ಅವಳಿಗೆ ಈ ವಾರವೇ ತಿಳಿದದ್ದು. ಓಣಿಯಲ್ಲಿ ಹೊರಟವರನ್ನು ಯಾರೂ ‘ಎಲ್ಲಿಗೆ’ ಎಂದು ಕೇಳುವುದಿಲ್ಲ, ಕೇಳಿದರೆ ಹೋದ ಕೆಲಸ ಕೆಡುತ್ತದೆ. ‘ದೂರ?’ ಎನ್ನುತ್ತಾರೆ. ಅಷ್ಟೇ. ‘ಎಲ್ಲಿಗೆ’ ಎಂದಿದ್ದರೆ ಒಂದು ಊರಿನ ಹೆಸರು ಒಗೆದು ದಾಟಿಬಿಡಬಹುದಿತ್ತು. ‘ದೂರ?’ ಎಂದವರ ಮುಂದೆ ಸುಮ್ಮನೆ ಹೌದು ಎನ್ನಲಾಗುವುದಿಲ್ಲ. ಅವರು ಕೇಳದ್ದನ್ನೆಲ್ಲ ತಾನೇ ತುಂಬಿಕೊಡಬೇಕು, ಊರು, ಕಾರಣ, ಯಾರ ಮನೆ, ಯಾವಾಗ ವಾಪಸ್ಸು. ಬಸುರಿಯ ಕುಪ್ಪಸದ ಕಾರ್ಯ, ದವಾಖಾನೆ, ಸತ್ತವರ ಮಣ್ಣು, ಪರೀಕ್ಷೆ, ದೇವರು, ಹೆಂಗಸರು ಮನೆಯಿಂದ ಹೊರಬೀಳುವುದಕ್ಕೆ ಇರುವ ಬಾಗಿಲುಗಳು ಇವು. ಗಿರಣಿಯ ಆಫೀಸಿನಲ್ಲಿ ಬಿಲ್ಲು ಟೈಪು ಮಾಡುವ ಟೇಬಲ್ಲಿನಿಂದ ಎದ್ದು ಸೌಕಾರರ ಮುಂದೆ ನಿಂತು ಶನಿವಾರದ ರಜೆ ಕೇಳಿದಾಗ, ‘ಯಾಕವಾ?’ ಎಂದವರಿಗೆ ಕಾರಂಜಿ ಎಂದು ಹೇಳಲು ಅವಳ ನಾಲಿಗೆ ಏಳಲಿಲ್ಲ. ‘ಸಂಗಮಕ್ಕ್ ಹೊಂಟೀವ್ರಿ, ಅವ್ವಾ ನಾನೂ’ ಎಂದಳು. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ತಾನೇ ಬೆಚ್ಚಿದಳು. ಸೌಕಾರರು ಕೂತಲ್ಲೇ ಕೈ ಮುಗಿದರು. ಸಂಜೆಗೆ ಅವರ ಮನೆಯಿಂದ ಕಾಯಿ ಬಂತು. ಮರುದಿನ ಓಣಿಗೆಲ್ಲ ಗೊತ್ತಾಯಿತು. ಆಮೇಲೆ ಕಾಯಿಗಳು ಬರುತ್ತಲೇ ಇದ್ದವು, ಜೊತೆಗೆ ಕರ್ಪೂರ, ಊದಿನಕಡ್ಡಿ. ಲಾರಿಯ ಮೇಲೆ ಅಕ್ಕಿ ಹೇರಿಕೊಂಡು ಕೇರಳದ ಕಡೆ ಹೋಗಿದ್ದ ಅಪ್ಪ ಕೂಡ ಫೋನಿನಲ್ಲಿ ‘ಚಲೋ ಆತು, ಸಂಗಯ್ಯಗ ನಂದೂ ಒಂದು ಶರಣು ಹೇಳ್ರಿ’ ಎಂದ. ಅವ್ವ ಒಂದೊಂದೇ ಕಾಯಿಯನ್ನು ತೆಗೆದುಕೊಂಡು, ಕಣ್ಣಿಗೊತ್ತಿ, ಮಗಳ ಮುಖ ನೋಡದೆ ಚೀಲಕ್ಕೆ ಹಾಕಿದಳು.

ಅವ್ವ ಶೇಖರಮ್ಮ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವಳು. ಇವತ್ತು ಮುಂಜಾನೆಯ ರೊಟ್ಟಿ ಮುಗಿಸಿ, ಕೈ ತೊಳೆದು, ಒಳ್ಳೆಯ ಸೀರೆ ಉಟ್ಟು ಹೊರಡುವ ಹೊತ್ತಿಗೆ ಬಿಸಿಲು ಏರಿತ್ತು. ಕಿಟಕಿಯ ಬಳಿ ಕೂತಿದ್ದಾಳೆ. ಮೊಣಕಾಲ ಮೇಲೆ ಅವಳ ಬಲಗೈ ತನ್ನಷ್ಟಕ್ಕೆ ತಾನು ಸಣ್ಣಗೆ ತಟ್ಟುತ್ತಿದೆ, ಅಲ್ಲೊಂದು ಕಾಣದ ಹಿಟ್ಟಿನ ಮುದ್ದೆ ಇದ್ದ ಹಾಗೆ. ನಿದ್ದೆಯಲ್ಲಿಯೂ ಹೀಗೆ ತಟ್ಟುವುದನ್ನು ಶಿವರಂಜನಿ ನೋಡಿದ್ದಾಳೆ. ಕಂಡಕ್ಟರ್ ಬಂದು ‘ಎಲ್ಲಿಗ್ರಿ?’ ಎಂದ. ಲಿಂಗಸುಗೂರು ಎಂದಳು. ಆಧಾರ್ ಕಾರ್ಡು ನೋಡಿ ಹೆಂಗಸರ ಸೊನ್ನೆ ಟಿಕೇಟು ಹರಿದುಕೊಟ್ಟು ಹೋದ. ಎಲ್ಲಿಗೆ ಎಂದು ನೇರ ಕೇಳುವವನು, ಯಾಕೆ ಎಂದು ಎಂದೂ ಕೇಳದವನು ಲೋಕದಲ್ಲಿ ಇವನೊಬ್ಬನೇ ಎನ್ನಿಸಿತು. ಈ ಟಿಕೇಟು ಇಲ್ಲದಿದ್ದರೆ ಕಾರಂಜಿಯ ಮಾತೇ ಏಳುತ್ತಿರಲಿಲ್ಲ. ಬಸ್ಸು ಪುಕ್ಕಟೆ, ಬುತ್ತಿ ಮನೆಯದು, ಉಳಿದದ್ದು ಒಂದು ರಾತ್ರಿಯ ಕೋಣೆ; ಅದಕ್ಕೆ ತನ್ನ ಸಂಬಳ ಸಾಕು ಎಂದು ಅವಳು ಹಾಸಿಗೆಯಲ್ಲಿ ಮಲಗಿ ಎಷ್ಟೋ ದಿನ ಯೋಚಿಸಿದ್ದಳು. ಕೋಣೆಯ ಸಲುವಾಗಿ ಮೊದಲು ಫೋನು ಮಾಡಿದ ಲಾಡ್ಜಿನವನು ‘ಜೊತಿಗೆ ಗಂಡಸ್ರು ಯಾರದಾರ?’ ಎಂದಿದ್ದ. ಯಾರೂ ಇಲ್ಲ ಎಂದಾಗ ‘ಹಂಗಾದ್ರ ರೂಮಿಲ್ಲ’ ಎಂದ. ತಪ್ಪು ಮಾಡಿದವಳ ಹಾಗೆ ‘ಸಾರಿ ರೀ’ ಎಂದು ಅವಳೇ ಫೋನು ಇಟ್ಟಿದ್ದಳು. ಎರಡನೆಯ ಕಡೆ ಒಬ್ಬ ಮುದುಕ ಎತ್ತಿ, ‘ಬರ್ರಿ, ಕಾರ್ಡ್ ತರ್ರಿ’ ಎಂದಷ್ಟೇ ಹೇಳಿದ. ಅವನ ದನಿಯನ್ನು ಅವಳು ಮತ್ತೆ ಮತ್ತೆ ನೆನಪಿಗೆ ತಂದುಕೊಂಡು ಧೈರ್ಯ ಮಾಡಿಕೊಳ್ಳುತ್ತಾಳೆ.

ಅವಳ ಮುಷ್ಟಿಯಲ್ಲಿ ಒಂದು ಲಿಂಬೆಹಣ್ಣು ಬೆಚ್ಚಗಾಗಿದೆ. ಹೊರಡುವಾಗ ಪಂಪಾವತಕ್ಕ ಓಡಿಬಂದು ಕೊಟ್ಟದ್ದು. ‘ನಮ್ಮ ರಂಜಿಗೆ ಬಸ್ ಅಂದ್ರ ವಾಂತಿ, ಮೂಸ್ಕೊಂತ ಹೋಗವಾ.’ ಇಡೀ ಓಣಿಗೆ ಗೊತ್ತಿರುವ ಸಂಗತಿ ಇದು. ಕಾಲೇಜಿಗೆ ಹೋಗುವಾಗಲೂ ಯಾರಾದರೊಬ್ಬರು ಕಿಟಕಿಯ ಸೀಟು ಬಿಟ್ಟುಕೊಡುತ್ತಿದ್ದರು, ಪಾಪ, ವಾಂತಿ ಹುಡುಗಿ. ಕಣ್ಣ ಮುಂದೆ ಆ ಹಳೆಯ ದಿನ, ಶಾಲೆಯ ಬಾಗಿಲಲ್ಲಿ ಬಸ್ಸು ನಿಂತಿದೆ, ಪ್ರವಾಸದ ಬಸ್ಸು, ಮುಂಭಾಗಕ್ಕೆ ಬಾಳೆಕಂದು ಕಟ್ಟಿದ್ದಾರೆ. ಅದು ಹೋಗುವುದು ಆಲಮಟ್ಟಿಗೆ. ಹಿಂದಿನ ದಿನ ಗೆಳತಿ ಅಶ್ವಿನಿ ಮನೆಯ ತನಕ ಬಂದು ಹೊಸ್ತಿಲ ಮೇಲೆ ಒಂಟಿಕಾಲಲ್ಲಿ ನಿಂತು ‘ಬಾರಲೇ, ನನ್ನ ಬಾಜೂ ಕುಂದ್ರು’ ಎಂದಿದ್ದಳು. ಪ್ರವಾಸದ ರೊಕ್ಕ ಮನೆಯಲ್ಲಿ ಇರಲಿಲ್ಲ. ಹಾಗೆ ಹೇಳುವ ಬದಲು ‘ನನಗ ಬಸ್ಸಿನ್ಯಾಗ ವಾಂತಿ ಆಗ್ತೈತಿ’ ಎಂದುಬಿಟ್ಟಳು. ಎಂಟನೆಯ ಇಯತ್ತೆಯ ಆ ಒಂದು ಮಾತು ಆಮೇಲೆ ಅವಳ ಹೆಸರಿಗೆ ಅಂಟಿಕೊಂಡಿತು. ಸೋಮವಾರ ಅಶ್ವಿನಿ ಎರಡೂ ಕೈ ಮೇಲೆತ್ತಿ ಬೆರಳು ಕುಣಿಸುತ್ತ ‘ಹಿಂಗ ಏಳ್ತಾವಲೇ ನೀರು, ಕೆಂಪು, ಹಸರು, ಮತ್ತ ಬೀಳ್ತಾವ’ ಎಂದು ಕಾರಂಜಿ ಮಾಡಿ ತೋರಿಸಿದಳು. ಆ ಬೆರಳುಗಳಷ್ಟೇ ಅವಳು ಕಂಡ ಆಲಮಟ್ಟಿ.

‘ಏನ್ ಯೋಚ್ನಿ?’ ಅವ್ವ ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು.

‘ಕಾಯಿ ಏನ್ ಮಾಡೂದಬೇ?’

‘ಏನ್ ಮಾಡೂದಂದ್ರ? ನಾಳಿ ಮುಂಜಾನೆ ಬರೂ ದಾರ್‍ಯಾಗ ಸಂಗಮಕ್ಕ ಇಳದು ಒಡಸೂದು.’

‘ಹೋಗೂ ದಾರ್‍ಯಾಗ ಸಂಗಮದ ಕ್ರಾಸ್ ಮುಂದಿಂದನ ಬಸ್ ಹೋಗ್ತೈತಿ. ಇಳೀಲಾರ್ದ ದಾಟಿ ಹೋಗಿ, ದೇವ್ರ ಕಾಯಿ ಲಾಡ್ಜಿನ್ಯಾಗ ಇಟ್ಕೊಂಡು ಮಲಗೂದು...’

ಅವ್ವ ಚೀಲದ ಕಡೆ ನೋಡಿದಳು. ಮೊಣಕಾಲ ಮೇಲಿನ ಕೈ ನಿಂತಿತು. ಇವತ್ತೇ ಇಳಿದರೆ ಕಾರಂಜಿಯ ಹೊತ್ತು ಮೀರುತ್ತದೆ. ನಾಳೆ ಸಂಜೆಯೊಳಗೆ ಮನೆ ಸೇರದಿದ್ದರೆ ಸೋಮವಾರದ ಮದುವೆಯ ರೊಟ್ಟಿ ತಪ್ಪುತ್ತದೆ. ಇರುವುದು ಈ ಒಂದೇ ಸಂಜೆ. ಇಬ್ಬರಿಗೂ ಇದು ಗೊತ್ತಿತ್ತು.

ಮಸ್ಕಿಯಲ್ಲಿ ಬಸ್ಸು ನಿಂತಿತು. ಊರ ಹಿಂದಿನ ಬಂಡೆಗುಡ್ಡ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಆ ಕಲ್ಲುಗಳ ನಡುವೆ ಅಶೋಕನ ಶಾಸನವಿದೆ, ಅವಳು ಪದವಿಯಲ್ಲಿ ಅದರ ಮೇಲೆ ಹತ್ತು ಅಂಕದ ಉತ್ತರ ಬರೆದಿದ್ದಾಳೆ, ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದಾಳೋ, ಇಳಿದು ನೋಡಿಲ್ಲ. ಇಳಿಯುವುದಕ್ಕೆ ಮಸ್ಕಿಯಲ್ಲಿ ಏನು ಕೆಲಸ? ಈ ಪ್ರಶ್ನೆ ತನ್ನೊಳಗೇ ಇಷ್ಟು ವರ್ಷ ಕೂತಿತ್ತಲ್ಲ, ಯಾರೂ ಕೇಳುವ ಮೊದಲೇ ತಾನೇ ಕೇಳಿಕೊಂಡು ತಾನೇ ಸುಮ್ಮನಾಗುತ್ತಿದ್ದಳಲ್ಲ ಎಂದು ಅನ್ನಿಸುವಷ್ಟರಲ್ಲಿ, ಬಾಗಿಲಿನಿಂದ ಒಂದು ದೊಡ್ಡ ದನಿ ಒಳಗೆ ಬಂತು.

‘ಯಾರಿದು, ನಮ್ಮ ಶೇಖ್ರವ್ವೇನು? ದೂರ ಹೊಂಟೀರಿ ತಾಯಿ ಮಗಳು?’

ದೊಡ್ಡಬಸಪ್ಪ. ಅವ್ವನ ದೊಡ್ಡಪ್ಪನ ಮಗ, ಮಸ್ಕಿಯಲ್ಲೇ ಮನೆ, ಹೊಲ. ಹೆಗಲ ಮೇಲೆ ಟವೆಲ್ಲು, ಮೀಸೆಯ ಕೆಳಗೆ ಎಲೆಯಡಿಕೆ. ಅವರ ಸೀಟಿನ ಪಕ್ಕಕ್ಕೇ ಬಂದು ಕಂಬಿ ಹಿಡಿದು ನಿಂತ. ಟಿಕೇಟಿಗೆ ರೊಕ್ಕ ಕೊಡುತ್ತ ಬಸ್ಸಿಗೆಲ್ಲ ಕೇಳುವಂತೆ, ‘ನಿಮ್ದ ಬಿಡ್ರವ್ವಾ, ಸೊನ್ನಿ ಟಿಕೇಟಿನ ರಾಜ್ಯ! ರೊಕ್ಕ ಕೊಟ್ಟ ಗಂಡಸು ನಿಂತಾನ, ಪುಕ್ಕಟೆ ಬಂದವ್ರು ಕಿಟಕ್ಯಾಗ ಕುಂತಾರ’ ಎಂದ.

‘ಕುಂದ್ರಬೇಕಂದ್ರ ಸೀರಿ ಉಟ್ಕೊಂಡು ಬಾ ಅಣ್ಣಾ’ ಎಂದಳು ಹಿಂದಿನ ಸೀಟಿನ ಅಪರಿಚಿತ ಹೆಂಗಸು. ಬಸ್ಸು ನಕ್ಕಿತು. ದೊಡ್ಡಬಸಪ್ಪನೂ ನಕ್ಕ. ನಗು ಮುಗಿದ ಮೇಲೆ ಮತ್ತೆ ಅದೇ ಕಣ್ಣು ಅವ್ವನ ಮೇಲೆ ಬಂತು, ಉತ್ತರ ಬರಬೇಕಾಗಿತ್ತಲ್ಲ.

‘ಸಂಗಮಕ್ಕ’ ಎಂದಳು ಅವ್ವ, ಮೆಲ್ಲಗೆ.

‘ಶಿವಾ ಶಿವಾ! ಮತ್ತ ಒಂದ್ ಮಾತು ಹೇಳಬಾರ್ದೇನು? ಗಂಡಸ್ರಿಲ್ಲದ ಇಬ್ರ ಹೆಂಗ ಹೊಂಟೀರಿ? ನಾನೂ ಬರ್ತೀನಿ. ಲಿಂಗಸುಗೂರಾಗ ಪಂಪಿನ ಮೋಟರ್ ವೈಂಡಿಂಗಿಗೆ ಕೊಟ್ಟೀನಿ, ಅದನ್ನೊಂದು ನೋಡಿ ಬಂದ್ಬಿಡ್ತೀನಿ. ಸಂಜಿ ಪೂಜಾ, ದಾಸೋಹದಾಗ ಪ್ರಸಾದ, ಅಲ್ಲೇ ಮಲಗೂದು, ಮುಂಜಾನೆ ವಾಪಸ್. ಆತಲ್ಲ?’

ಎಷ್ಟು ಚೆಂದ ಜೋಡಿಸಿದ. ಅವನಲ್ಲಿ ಕಪಟವಿಲ್ಲ, ತಂಗಿಯ ಮೇಲಿನ ಅಕ್ಕರೆ; ಅದಕ್ಕೇ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಶಿವರಂಜನಿ ಅವ್ವನ ಕಡೆ ನೋಡಿದಳು. ಅವ್ವ ‘ನಿನಗ್ಯಾಕ ತ್ರಾಸು ಅಣ್ಣಾ’ ಎಂದಳು. ‘ದೇವ್ರ ಕೆಲ್ಸಕ್ಕ ಎಂಥಾ ತ್ರಾಸು!’ ಎಂದು ಅವನು ಬಗ್ಗಿ ಕಾಯಿಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅವಳ ಪಾದಗಳ ನಡುವೆ ಕಾಯಿ ಗುಳಕ್ ಎಂದಿತು. ಒಂದು ಸುಳ್ಳು ಹೇಳಿದರೆ ಅದರ ಬೆನ್ನಿಗೆ ಇಷ್ಟು ಜನ ಒಳ್ಳೆಯವರು ಬಂದು ನಿಲ್ಲುತ್ತಾರೆಂದು ಅವಳು ಎಣಿಸಿರಲಿಲ್ಲ. ಬೈದವರಿದ್ದರೆ ಸುಲಭವಿತ್ತು. ಕಿಟಕಿಯಾಚೆ ತೊಗರಿ ಹೊಲಗಳು ಹಿಂದೆ ಹೋಗುತ್ತಿದ್ದವು, ಅಶ್ವಿನಿಯ ಬೆರಳುಗಳು ಏಳುತ್ತ ಬೀಳುತ್ತ ಅವುಗಳ ಮೇಲೆ ಹಾದವು, ಕೆಂಪು, ಹಸಿರು. ಇನ್ನೊಂದು ಸಲ ವಾಂತಿ ಎನ್ನಬಹುದು. ‘ಮಾವಾ, ನನಗ ತ್ರಾಸಾಗಾಕತ್ತೈತಿ, ವಾಪಸ್ ಹೋಗ್ತೀವಿ.’ ಲಿಂಬೆಹಣ್ಣು ಕೈಯಲ್ಲೇ ಇದೆ, ಸಾಕ್ಷಿಗೆ. ಮನೆಗೆ ಹೋಗಿ, ಕಾಯಿಗಳನ್ನು ಮನೆಮನೆಗೆ ತಿರುಗಿ ಕೊಟ್ಟು, ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಬಹುದು. ಆ ಗೋಡೆ ಅವಳಿಗೆ ಚೆನ್ನಾಗಿ ಗೊತ್ತು. ಪ್ರವಾಸದ ದಿನವೂ ಅದನ್ನೇ ನೋಡುತ್ತ ಮಲಗಿದ್ದಳು.

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಬಸಪ್ಪ ತಾನೇ ಚೀಲ ಇಳಿಸಿ, ಫ್ಯಾನಿನ ಕೆಳಗಿನ ಕಲ್ಲುಬೆಂಚು ಹಿಡಿದುಕೊಟ್ಟು, ‘ಇಲ್ಲೇ ಇರ್ರಿ, ಬಸ್ ಬಂದ್ರೂ ಹತ್ತಬ್ಯಾಡ್ರಿ, ನಾ ಬರೂತನಕ’ ಎಂದು ಹೋದ. ಅವನು ಗೇಟು ದಾಟಿದ ಹಿಂದೆಯೇ ಇಳಕಲ್ಲು, ಹುನಗುಂದದ ಮೇಲೆ ಬಾಗಲಕೋಟೆಗೆ ಹೋಗುವ ಬಸ್ಸು ಬಂದು ನಿಂತಿತು. ಹುನಗುಂದದಲ್ಲಿ ಇಳಿದು ಬಸ್ಸು ಬದಲಿಸಿದರೆ ಆಲಮಟ್ಟಿ. ಡ್ರೈವರು, ಕಂಡಕ್ಟರು ಚಹಾದ ಅಂಗಡಿಯ ಕಡೆ ನಡೆದರು. ಶಿವರಂಜನಿ ಕಾಯಿಚೀಲದ ಹಿಡಿಕೆಗೆ ಕೈ ಹಾಕಿದಳು.

‘ಏಳಬೇ, ಹತ್ತಿಬಿಡೋಣು. ಫೋನ್ ಮಾಡಿ ಏನರ ಹೇಳಿದ್ರಾತು.’

‘ಏನಂತ ಹೇಳ್ತಿ?’

ಅವಳು ಫೋನು ಹೊರತೆಗೆದಳು, ಮತ್ತೆ ಒಳಗಿಟ್ಟಳು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಹೇಳಲಾರ್ದ ಹೋದ್ರ ಓಡಿಹೋದಂಗ ಆಗ್ತೈತಿ ರಂಜೀ. ನಾವೇನು ಕಳವು ಮಾಡಾಕ ಹೊಂಟೀವೇನು? ಅಂವ ಬರ್ಲಿ. ಹೇಳಿ ಹೋಗೋಣು. ಇಲ್ಲಂದ್ರ ಅಂವನ ಹಿಂದ ಸಂಗಮಕ್ಕ ಹೋಗೋಣು. ನೀ ಹೆಂಗಂತಿ ಹಂಗ.’

ನೀ ಹೆಂಗಂತಿ ಹಂಗ. ಇಷ್ಟು ಹಗುರಾಗಿ ಇಷ್ಟು ಭಾರದ್ದನ್ನು ಯಾರೂ ಅವಳ ಮಡಿಲಿಗೆ ಹಾಕಿರಲಿಲ್ಲ. ಅವಳು ಚಹಾದ ಅಂಗಡಿಯನ್ನು ನೋಡಿದಳು, ಗೇಟನ್ನು ನೋಡಿದಳು. ಕಂಡಕ್ಟರು ಚಹಾ ಬಸಿಗೆ ಸುರಿದುಕೊಂಡು ಊದುತ್ತಿದ್ದ. ಇನ್ನೂ ಊದಲಿ, ಬೇಡ, ಬೇಗ ಕುಡಿಯಲಿ, ಬಸ್ಸು ಹೋಗಿಬಿಡಲಿ, ಆಗ ತಾನು ಏನೂ ಹೇಳಬೇಕಿಲ್ಲ, ಎಲ್ಲ ಬಸ್ಸಿನ ತಪ್ಪಾಗುತ್ತದೆ. ಹೀಗೆ ಬಯಸುವಾಗಲೇ ದೊಡ್ಡಬಸಪ್ಪ ಗೇಟಿನಲ್ಲಿ ಕಾಣಿಸಿದ. ಕೈಯಲ್ಲಿ ಮೋಟರ್ ಇರಲಿಲ್ಲ. ದೇವರಿಗೆಂದು ಒಂದು ಡಜನ್ ಬಾಳೆಹಣ್ಣು ಕಾಗದದಲ್ಲಿ ಸುತ್ತಿ ತಂದಿದ್ದ. ಆ ಹಣ್ಣು ಕಂಡದ್ದೇ ಅವಳು ಎದ್ದು ನಿಂತಳು, ಕೂತಿದ್ದರೆ ಆಗುತ್ತಿರಲಿಲ್ಲ.

‘ಮಾವಾ, ನಾವು ಇವತ್ತ ಸಂಗಮಕ್ಕ ಹೊಂಟಿಲ್ರಿ.’

‘ಮತ್ತ?’

‘ಆಲಮಟ್ಟಿಗೆ. ಕಾರಂಜಿ ನೋಡಾಕ.’

‘ಕಾರಂಜಿ?’ ಅವನು ಅವ್ವನನ್ನು ನೋಡಿದ, ಮತ್ತೆ ಇವಳನ್ನು. ‘ಯಾರ ಮನೀಗೆ?’

‘ಯಾರ ಮನೀಗೂ ಇಲ್ಲ. ಸುಮ್ಮನ. ನೋಡಾಕ.’

ಬೆಂಚಿನ ಆಚೆ ತುದಿಯಲ್ಲಿ ಕೂತ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ಇತ್ತ ತಿರುಗಿದರು.

‘ನೀರು ನೋಡಾಕ?’ ದೊಡ್ಡಬಸಪ್ಪನ ದನಿ ಏರಿತು. ‘ಸಿಂಧನೂರ ಕಾಲಿವ್ಯಾಗ ನೀರು ಹರಿಯಾಕತ್ತಿಲ್ಲೇನು? ಅದನ್ನ ನೋಡಾಕ ರಾತ್ರಿ ಪರಸ್ಥಳದಾಗ, ಎಲ್ಲಿ ಇರ್ತೀರಿ?’

‘ಲಾಡ್ಜಿನ್ಯಾಗ್ರಿ.’

ಆ ಮಾತು ಬೆಂಚಿನ ಮೇಲೆ ಬಿದ್ದು ಅಲ್ಲೇ ಕೂತಿತು. ಅವನು ಟವೆಲ್ಲು ತೆಗೆದು ಕೊಡವಿದ, ಮತ್ತೆ ಹಾಕಿಕೊಂಡ. ‘ದೇವ್ರ ಹೆಸರ ಮ್ಯಾಲೆ ಸುಳ್ಳು ಹೇಳಿದ್ರಲ್ಲವಾ’ ಎಂದ, ಈಗ ಮೆಲ್ಲಗೆ. ಇದು ಸರಿಯಾಗಿ ತಾಗಿತು. ‘ಹೌದ್ರಿ ಮಾವಾ, ತಪ್ಪಾತು. ನಾನ ಮೊದ್ಲು ಹೇಳಿದ್ದು’ ಎಂದಳು. ಹಾಗೆ ಅಂದಮೇಲೂ ತಾನು ನಿಂತೇ ಇದ್ದೇನೆ, ಕಾಲ ಕೆಳಗಿನ ನೆಲವೂ ಇದೆ ಎಂಬುದು ಅವಳಿಗೆ ಆಶ್ಚರ್ಯವಾಗಿ ಕಂಡಿತು.

ಆಗ ಅವ್ವ ಬಾಯಿ ತೆರೆದಳು. ‘ಅಣ್ಣಾ, ನೀ ಹೋದ ವರ್ಷ ಗೆಳ್ಯಾರ ಕೂಡ ಗೋವಾಕ ಹೋಗಿದ್ದೆಲ್ಲ, ಯಾವ ಹರಕಿ ಇತ್ತು?’

ಆಚೆಯ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕು ಸೆರಗು ಬಾಯಿಗೆ ಹಿಡಿದಳು. ದೊಡ್ಡಬಸಪ್ಪನ ಮೀಸೆ ಒಂದು ಸಲ ಕುಣಿಯಿತು. ಸಿಟ್ಟೋ ನಗುವೋ ತಿಳಿಯಲಿಲ್ಲ. ‘ನಿನ್ನ ಬಾಯಿ ಅವತ್ತಿಂದೂ ಹಂಗ ಐತಿ ನೋಡು’ ಎಂದ. ಬಸ್ಸಿನ ಕಡೆ ನೋಡಿದ. ಕಂಡಕ್ಟರು ಬಾಯಿ ಒರೆಸಿಕೊಳ್ಳುತ್ತ ಬರುತ್ತಿದ್ದ. ‘ಇದ ಹೋಗ್ತೈತಿ ಹುನಗುಂದಕ್ಕ. ಹತ್ರಿ.’ ಕಾಯಿಚೀಲವನ್ನು ತಾನೇ ಎತ್ತಿ ಒಳಗಿಟ್ಟ, ಬಾಳೆಹಣ್ಣನ್ನು ಅದರ ಮೇಲೆ. ‘ನಾಳಿ ಇವನ್ನೂ ಏರಿಸ್ರಿ. ಲಾಡ್ಜಿಗೆ ಮುಟ್ಟಿದ ಕೂಡ್ಲೇ ಫೋನ್ ಹಚ್ಚಬೇಕು, ಕದ ಭದ್ರ ಹಾಕ್ಕೋಬೇಕು.’ ಕೆಳಗಿಳಿದು ಕಿಟಕಿಯ ಹತ್ತಿರ ಬಂದು, ದನಿ ತಗ್ಗಿಸಿ, ‘ನಮ್ಮ ಮನ್ಯಾಕಿಗೆ ಮಾತ್ರ ಹೇಳಬ್ಯಾಡ್ರಿ ಮತ್ತ. ನಂದೂ ಒಂದು ಸೊನ್ನಿ ಟಿಕೇಟು ಅಂತ ನಾಳೀಗೇ ಗಂಟು ಕಟ್ತಾಳ ಆಕಿ’ ಎಂದ. ಮುಖ ಇನ್ನೂ ಗಂಟಿಕ್ಕಿಯೇ ಇತ್ತು. ಬಸ್ಸು ಹೊರಟಾಗ ಅವನು ಕೈ ಬೀಸಲಿಲ್ಲ; ಆದರೆ ಬಸ್ಸು ಗೇಟಿನಲ್ಲಿ ಹೊರಳುವತನಕ ಅಲ್ಲೇ ನಿಂತಿದ್ದುದನ್ನು ಅವಳು ನೋಡಿದಳು.

ಮುದಗಲ್ಲಿನ ಕಡೆಯ ಗಾಳಿ ಒಳಗೆ ಬಂತು. ಕಂಡಕ್ಟರು ಬಂದ.

‘ಎಲ್ಲಿಗ್ರಿ?’

‘ಹುನಗುಂದ’ ಎಂದಳು. ಅಷ್ಟಕ್ಕೇ ಸಾಕಿತ್ತು. ಆದರೆ ನಾಲಿಗೆ ನಿಲ್ಲಲಿಲ್ಲ. ‘ಅಲ್ಲಿಂದ ಆಲಮಟ್ಟಿಗ್ರಿ. ಕಾರಂಜಿ ನೋಡಾಕ ಹೊಂಟೀವಿ.’

ಕಂಡಕ್ಟರು ಒಂದು ಸಲ ಅವಳ ಮುಖ ನೋಡಿದ. ‘ಚಲೋ ಆತ್ರಿ. ಕಾರ್ಡ್ ತೋರಸ್ರಿ’ ಎಂದ.

ಅವ್ವನ ಹೊಟ್ಟೆ ಕುಲುಕತೊಡಗಿತು. ಸದ್ದಿಲ್ಲದೆ, ಸೆರಗಿನೊಳಗೆ, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ನಕ್ಕು ಮುಗಿಸಿ, ಮಗಳ ಮುಷ್ಟಿಯನ್ನು ಬಿಡಿಸಿ, ಬೆವರಿನಿಂದ ಒದ್ದೆಯಾಗಿದ್ದ ಲಿಂಬೆಹಣ್ಣನ್ನು ತೆಗೆದುಕೊಂಡು ಬುತ್ತಿಯ ಗಂಟಿಗೆ ಸೇರಿಸಿದಳು. ‘ಉಣ್ಣಾಗ ಹಿಂಡಿಕೊಳ್ಳೋಣು. ನಿನಗ ಯಾವತ್ತ ವಾಂತಿ ಬಂದೈತಿ?’

ಶಿವರಂಜನಿ ತಿರುಗಿ ನೋಡಿದಳು.

‘ಅಶ್ವಿನಿಗೆ ನೀ ಹೊಸ್ತಿಲದಾಗ ನಿಂತು ಹೇಳಿದ್ದು ಕೇಳಿಸ್ಕೊಂಡಿದ್ದೆ. ಒಲಿ ಮುಂದ ಇದ್ದೆ. ಹಂಚಿನ ಮ್ಯಾಲಿನ ರೊಟ್ಟಿ ಕರ್‍ರಗಾತು, ತೆಗೀಬೇಕಂತ ಕೈ ಹೋಗ್ಲಿಲ್ಲ.’ ಅವ್ವ ಕಿಟಕಿಯ ಕಡೆ ಮುಖ ಮಾಡಿದಳು. ‘ಮೊನ್ನಿ ನೀ ಆಲಮಟ್ಟಿ ಅಂದಾಗ, ಯಾಕ ಅಂತ ನಾ ಕೇಳಿದ್ನೇನು?’

ಕೇಳಿರಲಿಲ್ಲ. ಹಿಟ್ಟಿನ ಕೈಯಲ್ಲೇ ತಲೆ ಎತ್ತಿ ‘ಯಾವಾಗ?’ ಎಂದು ಮಾತ್ರ ಕೇಳಿದ್ದಳು. ಆಗ ಅದು ಸಾಮಾನ್ಯ ಮಾತಿನ ಹಾಗೆ ಕಂಡಿತ್ತು. ಈಗ ಅವಳು ಅವ್ವನ ಬಲಗೈಯನ್ನು ನೋಡಿದಳು. ಅದು ಮೊಣಕಾಲ ಮೇಲೆ ಅಂಗಾತ ಬಿದ್ದಿತ್ತು. ತಟ್ಟುತ್ತಿರಲಿಲ್ಲ.

‘ಅವ್ವಾ, ಸಂಗಮದ ಕ್ರಾಸ್ ಬಂದಾಗ?’

‘ಕುಂತಲ್ಲೇ ಕೈ ಮುಗಿಯೋಣು. ನಾಳಿ ಬರ್ತೀವಪಾ ಅಂತ ಹೇಳೋಣು.’

‘ಮತ್ತ ರಾತ್ರಿ ಕಾಯಿ, ಲಾಡ್ಜಿನ್ಯಾಗ?’

‘ಲಾಡ್ಜಿನ್ಯಾಗ ಯಾಕ ಬಿಡೂದು? ತೋಟಕ್ಕ ಒಯ್ಯೋಣು’ ಎಂದಳು ಶೇಖರಮ್ಮ. ‘ಪಂಪವ್ವಂದು, ಮೆಹಬೂಬ್‌ಬೀದು, ಸೌಕಾರ್‍ತೀದು. ಅವ್ರು ಯಾರೂ ಕಾರಂಜಿ ನೋಡಿಲ್ಲಲ್ಲ. ಅವ್ರ ಕಾಯಿ ಆದ್ರೂ ನೋಡ್ಲಿ.’

ಬಸ್ಸು ಒಂದು ತಗ್ಗಿಗೆ ಇಳಿದು ಎದ್ದಿತು. ಈ ಸಲ ಶಿವರಂಜನಿ ಪಾದಗಳಿಂದ ಚೀಲವನ್ನು ಒತ್ತಿ ಹಿಡಿಯಲಿಲ್ಲ. ಬಗ್ಗಿ, ಬಾಳೆಹಣ್ಣಿನ ಪೊಟ್ಟಣ ಸರಿಸಿ, ಕೈಗೆ ಸಿಕ್ಕ ಒಂದು ಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಯಾರದೋ ಗೊತ್ತಿಲ್ಲ. ಒಳಗೆ ನೀರು ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು.